ಹೂಳೆತ್ತಿದರೆ ಸಾಲದು, ನೀರುಗಂಟಿ ಬೇಕು

ಮಾನ್ಯ ಅಧ್ಯಕ್ಷರೇ, ಕೆರೆ ಬಳಕೆದಾರರ ಸಂಘದ ಸದಸ್ಯರೇ, ಊರಿನ ಹಿರಿಯರೇ,

ಹೂಳೆತ್ತುವ ಕಾಮಗಾರಿ ಮುಗಿದ ಸಂತೋಷಕ್ಕೆ ಏರ್ಪಟ್ಟ ಈ ಸಭೆಯಲ್ಲಿ ಅಪಸ್ವರ ತೆಗೆಯಲು ಸಂಕೋಚವಾಗುತ್ತದೆ. ಆದರೂ ಹೇಳುತ್ತೇನೆ: ಹೂಳನ್ನು ಯಂತ್ರ ಎತ್ತೀತು, ನಿಂತ ನೀರನ್ನು ಹಂಚಬೇಕಾದವರು ಊರಿನವರು. ಆ ವಿದ್ಯೆ ನಮ್ಮ ಕೈತಪ್ಪಿದೆ.

ತಾಳಗುಂದದ ಶಾಸನವೆಂದರೆ ನಮಗೆಲ್ಲ ಮಯೂರಶರ್ಮನೇ ನೆನಪಾಗುತ್ತಾನೆ. ಆದರೆ ಆ ಶಾಸನ ಹುಟ್ಟಿದ್ದು ಕದಂಬರ ದೊರೆ ಕಾಕುಸ್ಥವರ್ಮನು ದೇವಾಲಯದ ಬಳಿ ಕಟ್ಟಿಸಿದ ಕೆರೆಯ ಕಾರಣದಿಂದ. (ಪರೀಕ್ಷೆಯಲ್ಲಿ ಕೆರೆಯ ಪ್ರಶ್ನೆ ಬರುವುದಿಲ್ಲ, ಹಾಗಾಗಿ ನಾವೂ ಓದಲಿಲ್ಲ.) ಮುಂದಿನ ಶಾಸನಗಳಲ್ಲಿ ಕೆರೆಯ ರಕ್ಷಣೆಗೆ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳೇ ಇವೆ. ಕಟ್ಟಿದವನಷ್ಟೇ ಕಾಯುವವನೂ ಮುಖ್ಯನೆಂದು ಹಿಂದಿನವರು ಬಲ್ಲರು.

ನಾನು ಬಾಲ್ಯದಲ್ಲಿ ಕಂಡ, ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುತ್ತಿದ್ದ ನೀರುಗಂಟಿಯ ಸಂಗತಿಯನ್ನು ನಿಮ್ಮಲ್ಲಿ ಕೆಲವರು ಈ ಮೊದಲೂ ಕೇಳಿದ್ದೀರಿ, ಕ್ಷಮಿಸಿ. ಆ ವರ್ಷ ಕೆರೆ ಅರ್ಧವೇ ತುಂಬಿತ್ತು. ಕೆರೆಯ ನೀರುಣ್ಣುವ ಗದ್ದೆಬಯಲಿನ, ಅಂದರೆ ಅಚ್ಚುಕಟ್ಟಿನ, ಅರ್ಧಕ್ಕೆ ಮಾತ್ರ ನಾಟಿಯೆಂದು ಊರು ಒಪ್ಪಿತ್ತು. ಒಂದು ಬೆಳಗ್ಗೆ, ಕೆರೆಯಿಂದ ನೀರು ಬಿಡುವ ತೂಬಿಗೆ ಹತ್ತಿರದ ಗದ್ದೆಯ ಗೌಡರು, ಸರದಿ ಮುಗಿದಿದ್ದರೂ, ಗದ್ದೆಗೆ ನೀರು ಹಾಯುವ ತಮ್ಮ ಮಡೆಯನ್ನು ತೆರೆದೇ ಇಟ್ಟಿದ್ದರು. ನೀರುಗಂಟಿ ಜಗಳಕ್ಕೆ ನಿಲ್ಲಲಿಲ್ಲ. ಗದ್ದೆಗಿಳಿದು ನೀರು ಗೆಣ್ಣಿನವರೆಗೆ ಬಂದಿರುವುದನ್ನು ತನ್ನ ಕಾಲಿನಲ್ಲೇ ತೋರಿಸಿ, ನಾಲ್ಕು ಗುದ್ದಲಿ ಮಣ್ಣು ಮಡೆಗೆ ಹಾಕಿ, "ಸ್ವಲ್ಪ ಮೆಟ್ಟಿ ಗೌಡ್ರೇ, ನನ್ನ ಕಾಲು ಹಗುರ" ಎಂದ. ಗೌಡರು ಸುತ್ತ ನೋಡಿದರು, ಪಂಚೆ ಮೇಲೆ ಕಟ್ಟಿದರು, ತಮ್ಮ ಮಡೆಯನ್ನು ತಾವೇ ಮೆಟ್ಟಿ ಮುಚ್ಚಿದರು!

ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಹುಟ್ಟಿನಿಂದಲೇ ಒಂದು ಮನೆತನದ ಹೆಗಲಿಗೆ ಬೀಳುತ್ತಿದ್ದ ಆ ಕೆಲಸ, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯಕ್ಕಾಗಿ, ಅಂದರೆ ತನ್ನ ಪಾಲಿನ ಕಾಳಿಗಾಗಿ, ಕಾಯುವ ಅವಮಾನವನ್ನೂ ಜೊತೆಗೇ ತರುತ್ತಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯಿದೆ ನ್ಯಾಯವಾದದ್ದೇ. ಆದರೆ ಹುದ್ದೆ ಹೋದ ಮೇಲೆ ಕೆಲಸವನ್ನು ಯಾರು, ಯಾವ ಸಂಬಳಕ್ಕೆ ಮಾಡಬೇಕೆಂದು ನಾವು ಕೇಳಿಕೊಳ್ಳಲಿಲ್ಲ. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆ, ಒಳಗಿದ್ದರೆ ಪಂಚಾಯತಿ ಎಂದು ಕೆರೆಗಳನ್ನು ಹಂಚಿಕೊಂಡೆವು. ನೀರು ಹಂಚುವವನು ಯಾರ ಪಾಲಿಗೂ ಬರಲಿಲ್ಲ.

ಗೋಮಾಳ, ಗುಂಡುತೋಪು, ಕೊಳವೆಬಾವಿ ಎಂದು ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೊದಲಿನೆರಡನ್ನು ಬಿಡುತ್ತೇನೆ. ಸ್ವಂತ ಕೊಳವೆಬಾವಿ ಇದ್ದವನು ತೂಬಿನ ಸಭೆಗೆ ಬರುವುದಿಲ್ಲ, ಕೆರೆ ಬತ್ತಿದರೆ ಅವನ ಬಾವಿಯೂ ಸೊರಗುತ್ತದೆ ಎಂಬಷ್ಟನ್ನು ಮಾತ್ರ ಹೇಳಿ, ಒಂದು ಬೇಡಿಕೆ ಇಡುತ್ತೇನೆ. ಕೆರೆ ತುಂಬಿ ಬಾಗಿನ ಅರ್ಪಿಸುವ ದಿನಕ್ಕೆ ಮೊದಲೇ, ತೂಬು ಎತ್ತುವವರು ಯಾರು, ಅವರ ಸಂಬಳಕ್ಕೆ ಎಕರೆಗೆ ಎಷ್ಟರಂತೆ ಎತ್ತಬೇಕು ಎಂಬುದನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಸಿ, ಕೊನೆಯ ಗದ್ದೆಯವರಿಂದ ಮೊದಲ ಸಹಿ ಹಾಕಿಸಿ.