ಹೊರೆ ಕಂಬಕ್ಕೆ, ಮರೆ ಗೋಡೆಗೆ

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ 1935ರಲ್ಲಿ ಬಾನುಲಿ ಶುರುವಾಗಿದ್ದು ಒಂದು ಮನೆಯಲ್ಲಿ. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಮನೆ. ಅದನ್ನು ಕಟ್ಟಿದ ಮೇಸ್ತ್ರಿಗೆ ಇದು ಮುಂದೆ ರೇಡಿಯೋ ಸ್ಟೇಷನ್ ಆಗುತ್ತೆ ಅಂತ ಗೊತ್ತಿತ್ತಾ? ಇರಲಿಕ್ಕಿಲ್ಲ. ನಿಮ್ಮ ಮನೆ ಇಪ್ಪತ್ತು ವರ್ಷದ ಮೇಲೆ ಏನಾಗುತ್ತೆ ಅನ್ನೋದು ನಿಮಗೂ ಗೊತ್ತಿಲ್ಲ, ಪ್ಲಾನ್ ಹಾಕಿಕೊಡುವ ನನಗೂ ಗೊತ್ತಿಲ್ಲ. ಅದಕ್ಕೇ ಮನೆ ಕಟ್ಟಿಸುವವರಿಗೆಲ್ಲ ನಾನು ಹೇಳೋದು ಒಂದೇ ಮಾತು. ಹೊರೆ ಕಂಬ ಹೊರಲಿ, ಗೋಡೆ ಬರೀ ಮರೆಯಾಗಿರಲಿ.

ಕೆಲವು ವರ್ಷದ ಹಿಂದಿನ ಮಾತು. ನಿವೃತ್ತ ಮೇಷ್ಟ್ರೊಬ್ಬರು ಕರೆಸಿದರು. ಮಗಳು ಡಾಕ್ಟರಾಗಿದ್ದಳು. ಕೆಳಗಿನ ಹಾಲು, ಪಕ್ಕದ ರೂಮು ಸೇರಿಸಿ ಕ್ಲಿನಿಕ್ ಮಾಡಬೇಕು. "ಒಂದು ಗೋಡೆ ತೆಗೆದರೆ ಆಯ್ತು, ಅಲ್ವಾ ಸಾರ್?" ಅಂದರು. ನಾನು ಗೋಡೆ ತಟ್ಟಿ ನೋಡಿದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಮನೆಯಲ್ಲಿ ಪಿಲ್ಲರ್ರೇ ಇಲ್ಲ. ಮೇಲಿನ ಸ್ಲ್ಯಾಬ್ ಪೂರಾ ಇದರ ತಲೆ ಮೇಲೆ ಕೂತಿದೆ. ಹೋಗಲಿ, ಒಂದು ಬಾಗಿಲಾದರೂ ಬಿಡಿಸೋಣ ಅಂದೆ. ಮೇಸ್ತ್ರಿ ಉಳಿ ಇಟ್ಟು ಎರಡೇಟು ಹಾಕಿದ. ಚಿರ್ ಅಂತ ನೀರು! ಮಹಡಿ ಬಚ್ಚಲಿನ ಪೈಪು ಆ ಗೋಡೆಯೊಳಗೇ ಇಳಿದಿತ್ತು. ನನ್ನ ಅಂಗಿ, ಪ್ಲಾನು ಎಲ್ಲ ತೊಪ್ಪೆ. ಮೇಷ್ಟ್ರ ತಾಯಿ ಒಳಗಿಂದ ಬಂದು ನೋಡಿ, "ಗೋಡೆಯೊಳಗೆ ಬಾವಿ ತೋಡಿಸಿದ್ದೀಯೇನೋ?" ಅಂತ ಮಗನನ್ನೇ ಕೇಳಿದರು. ಕೊನೆಗೆ ಕ್ಲಿನಿಕ್ಕು ಬೇರೆ ಕಡೆ ಬಾಡಿಗೆಗೆ ಹೋಯಿತು. ಸ್ವಂತ ಮನೆ ಸುಮ್ನೆ ನಿಂತಿತು.

ಅಲ್ಲಿ ಪಿಲ್ಲರ್, ಬೀಮ್ ಹೊರೆ ಹೊತ್ತಿದ್ದರೆ ಆ ಗೋಡೆ ತೆಗೆಯೋದು ಎರಡು ದಿನದ ಕೆಲಸ. ಎಲ್ಲರೂ ಬಂದು ಟೈಲ್ಸ್ ಯಾವುದು ಹಾಕಿಸಲಿ ಅಂತ ಕೇಳುತ್ತಾರೆ. ಟೈಲ್ಸ್ ಯಾವಾಗ ಬೇಕಾದರೂ ಬದಲಾಯಿಸಬಹುದು ಸ್ವಾಮಿ! ಕಂಬ ಎಲ್ಲಿ ಬರುತ್ತೆ ಅಂತ ಮೊದಲು ಕೇಳಿ.

ಮೈಸೂರಿನ ಚೆಲುವಾಂಬ ವಿಲಾಸ ನೋಡಿದ್ದೀರಲ್ಲ? ರಾಜಕುಮಾರಿಗೆ ಕಟ್ಟಿಸಿದ ಬಂಗಲೆ. 1950ರಲ್ಲಿ ಅಲ್ಲಿಗೆ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಬಂತು. ಅರಮನೆಯ ಕೋಣೆಗಳಲ್ಲಿ ಆಹಾರ ಸಂಶೋಧನೆ! ಅಲ್ಲಿ ಕೈಹಿಡಿದದ್ದು ಜಾಗ ಮತ್ತು ಎತ್ತರ. ಅಷ್ಟು ದೊಡ್ಡ ಕೋಣೆ ನಮ್ಮ ಮೂವತ್ತು ನಲವತ್ತರ ಸೈಟಿನಲ್ಲಿ ಆಗದು, ಒಪ್ಪಿದೆ. ಸೂರು ಒಂದಡಿ ಜಾಸ್ತಿ ಎತ್ತರಿಸೋಕೇನು? ನಾಳೆ ಆಫೀಸಾದರೆ ವೈರು, ಏಸಿ ಎಲ್ಲ ಮೇಲೆ ಹೋಗಬೇಕಲ್ಲ.

ಪಾಯದ ಬಗ್ಗೆ, ಮೆಟ್ಟಿಲಿನ ಬಗ್ಗೆ ಹೇಳಬೇಕಿತ್ತು. ಮೇಷ್ಟ್ರ ಮನೆ ಕಥೆಯೇ ಸಮಯ ತಿಂದುಬಿಟ್ಟಿತು. ಮೆಟ್ಟಿಲು ಹೊರಗಡೆಯಿಂದ ಇದ್ದರೆ ಮಹಡಿಯನ್ನು ಬೇರೆ ಮನೆ ಮಾಡಬಹುದು, ಅಷ್ಟು ಸಾಕು. ಬಚ್ಚಲ ಮೇಲೆ ಬಚ್ಚಲು ಬರಲಿ. ಪೈಪುಗಳು ಗೋಡೆಯೊಳಗೆ ಬೇಡ, ಹೊರಗೆ ಪೈಪಿಗೆಂದೇ ಬಿಟ್ಟ ಸಂದಿನಲ್ಲಿ, ಅಂದರೆ ಡಕ್ಟಿನಲ್ಲಿ ಇಳಿಯಲಿ. ಹೊರೆ ಮಾತ್ರ ಕಂಬಕ್ಕೇ ಇರಲಿ, ಮರೆಯಬೇಡಿ. ಈಗಾಗಲೇ ಮನೆ ಕೆಲಸ ನಡೀತಿದ್ದರೆ, ಪ್ಲಾಸ್ಟರಿಂಗ್ ಆಗೋ ಮುಂಚೆ ಪೈಪು, ವೈರು ಎಲ್ಲೆಲ್ಲಿ ಹೋಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಇವತ್ತೇ. ನಮಸ್ಕಾರ.