ಗೆರೆ ಎಣಿಸಿ ನೋಡಿ

ಕೇಳುಗರಿಗೆ ನಮಸ್ಕಾರ. ಓದಿನಲ್ಲಿ ಆಸಕ್ತಿ ಕಳೆದುಕೊಂಡ ಮಕ್ಕಳ ಬಗ್ಗೆ ಇವತ್ತಿನ ಮಾತು.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಎಸ್ಎಲ್‌ಸಿಯಲ್ಲಿ ಶೇಕಡಾ 90ರ ಮೇಲೆ ತೆಗೆದ ಹುಡುಗ. ಊರೆಲ್ಲ ಹೊಗಳಿತು, ಮನೆಯವರು ಪಿಯುಸಿಗೆ ವಿಜ್ಞಾನ ಕೊಡಿಸಿದರು. ಹೊಸ ಬ್ಯಾಗು ಹೆಗಲಿಗೇರಿಸಿಕೊಂಡು ಹೋದವನು ದಸರಾ ಹೊತ್ತಿಗೆ ಹಾಸಿಗೆ ಬಿಟ್ಟು ಏಳುತ್ತಿಲ್ಲ. "ಓದಲ್ವೇನೋ?" ಅಂದರೆ "ಆಮೇಲೆ ಓದ್ತೀನಿ ಬಿಡಮ್ಮ" ಅನ್ನುತ್ತಾನೆ. ಆ ಆಮೇಲೆ ಬರುವುದೇ ಇಲ್ಲ. ಮನೆಯಲ್ಲಿ ಇದಕ್ಕಿಡುವ ಹೆಸರು ಸೋಮಾರಿತನ. ಹೆಸರಿಟ್ಟಾಯಿತು ಅಂದಮೇಲೆ ಕಾರಣ ಹುಡುಕುವವರು ಯಾರು?

ಇಂಥ ಮಗುವಿಗೆ ಬುದ್ಧಿ ಹೇಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಪಿಯುಸಿಯ ಇಂಗ್ಲಿಷ್ ಭೌತಶಾಸ್ತ್ರದ ಪುಸ್ತಕದಲ್ಲಿ ಯಾವುದಾದರೂ ಒಂದು ಪುಟ ತೆಗೆಸಿ, ಜೋರಾಗಿ ಓದಲಿ. ಗೊತ್ತಿಲ್ಲದ ಪದ ಬಂದಲ್ಲೆಲ್ಲ ಪೆನ್ಸಿಲಿನಿಂದ ಅಡಿಗೆರೆ ಎಳೆಯಲಿ. ನೀವು ಅರ್ಥ ಕೇಳಬೇಡಿ, ತಪ್ಪು ಹಿಡಿಯಬೇಡಿ. ಕೊನೆಗೆ ಗೆರೆ ಎಣಿಸಿ, ಅಷ್ಟೆ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರದಿದ್ದರೂ ತೊಂದರೆಯಿಲ್ಲ, ಎಣಿಸಲು ಬಂದರೆ ಸಾಕು. ಪುಟಕ್ಕೆ ಎಂಟು ಹತ್ತು ಗೆರೆ ಬಿದ್ದರೆ, ಅವನು ಸೋಲುತ್ತಿರುವುದು ಭಾಷೆಯ ಮುಂದೆ. ಮೊನ್ನೆ ಮೊನ್ನೆವರೆಗೆ ಜವ, ವೇಗ, ವೇಗೋತ್ಕರ್ಷ, ಸಂವೇಗ ಅಂತ ಕಲಿತವನಿಗೆ ಈಗ ಅದೇ ವಿಷಯ ಸ್ಪೀಡ್, ವೆಲಾಸಿಟಿ, ಆಕ್ಸಲರೇಶನ್, ಮೊಮೆಂಟಮ್ ಆಗಿ ಬೋರ್ಡಿನ ಮೇಲೆ ಓಡುತ್ತಿದೆ. ಗೊತ್ತಿರುವ ವಿಷಯವೇ. ಆದರೆ ತನಗೆ ಗೊತ್ತಿದೆ ಅನ್ನುವುದೇ ಅವನಿಗೆ ಗೊತ್ತಾಗುತ್ತಿಲ್ಲ.

ಹಳೆಯ ಒಂಬತ್ತು, ಹತ್ತನೇ ತರಗತಿ ವಿಜ್ಞಾನದ ಪುಸ್ತಕಗಳನ್ನು ಗುಜರಿಗೆ ಹಾಕಿದ್ದರೆ ಯಾರ ಬಳಿಯಾದರೂ ಕೇಳಿ ತನ್ನಿ. ನೂರು ಪುಟದ ನೋಟ್‌ಬುಕ್ಕಿನ ನಡುವೆ ಒಂದು ಗೆರೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅವನು ಕಲಿತ ಕನ್ನಡ ಪದ. ದಿನಕ್ಕೆ ಹತ್ತೇ ಪದ, ಅದೂ ಅವತ್ತು ಕಾಲೇಜಿನಲ್ಲಿ ನಡೆದ ಪಾಠದಿಂದ. ವಾರಕ್ಕೆ ಆರು ದಿನ ಬರೆದರೆ ಒಂದೂವರೆ ತಿಂಗಳಲ್ಲಿ 360 ಪದ ಆಗುತ್ತವೆ. ಅಷ್ಟರಲ್ಲಿ ಮೇಷ್ಟ್ರ ಮಾತು ಕಿವಿಗೆ ಹತ್ತತೊಡಗುತ್ತದೆ. ಇದು ಕೆಡುವುದು ಉತ್ಸಾಹದಿಂದಲೇ: ಮೊದಲ ದಿನ ಐವತ್ತು ಪದ, ಎರಡನೇ ದಿನ ನಲವತ್ತು, ನಾಲ್ಕನೇ ದಿನಕ್ಕೆ ನೋಟ್‌ಬುಕ್ ಕಪಾಟಿನ ಮೇಲೆ.

ಪಾಠ ಅರ್ಥವಾಗತೊಡಗಿದರೂ ಕೂರುವ ಮನಸ್ಸು ತಾನಾಗಿ ಬರುವುದಿಲ್ಲ. ಯಾಕೆಂದರೆ ಇಷ್ಟು ದಿನ ಪುಸ್ತಕ ತೆರೆದಾಗಲೆಲ್ಲ ಹೆದರಿಕೆ, ಮುಚ್ಚಿದ ಕೂಡಲೇ ನಿರಾಳ. ಆ ನಿರಾಳವೇ ಮುಚ್ಚುವ ಅಭ್ಯಾಸ ಮಾಡಿಸಿದೆ. ಮನಸ್ಸು ಬರಲಿ, ಆಮೇಲೆ ಕೂತರಾಯಿತು ಅಂತ ಕಾದರೆ ವರ್ಷ ಮುಗಿಯುತ್ತದೆ. ಮೊದಲು ಕೂರಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಅದಕ್ಕೆ ಹದಿನೈದು ನಿಮಿಷ ಸಾಕು. ಒಂದೇ ಜಾಗ, ಒಂದೇ ಹೊತ್ತು. ಪುಸ್ತಕದಲ್ಲಿ ಉತ್ತರ ಬಿಡಿಸಿಕೊಟ್ಟಿರುವ ಒಂದು ಲೆಕ್ಕ ತೆಗೆದುಕೊಂಡು, ಉತ್ತರದ ಮೇಲೆ ಹಾಳೆ ಮುಚ್ಚಿ ತಾನೇ ಮಾಡಲಿ. ಸಿಕ್ಕಿಹಾಕಿಕೊಂಡರೆ ಹಾಳೆಯನ್ನು ಒಂದು ಸಾಲು ಕೆಳಗೆ ಸರಿಸಲಿ. ಹದಿನೈದು ನಿಮಿಷ ಆದಮೇಲೆ, ಇನ್ನೂ ಮಾಡಬಹುದು ಅನ್ನಿಸಿದರೂ ಎದ್ದುಬಿಡಲಿ. ನಾಳೆ ಬಂದು ಕೂರಲು ಅದೇ ಸೆಳೆತ. ಒಂದು ವಾರ ತಪ್ಪದೆ ನಡೆದರೆ ಇಪ್ಪತ್ತಕ್ಕೆ ಏರಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅವನ ಕೆಲಸ, ನಿಮ್ಮದಲ್ಲ. ನೀವು ಹಾಕಿದರೆ ಅದು ಹಾಜರಿ ಪುಸ್ತಕ ಆಗಿಹೋಗುತ್ತದೆ.

ನಿದ್ದೆಯ ಲೆಕ್ಕವೂ ನೋಡಿ. ಈ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಹರೆಯಕ್ಕೆ ಬಂದ ಮೇಲೆ ನಿದ್ದೆ ಹತ್ತುವ ಹೊತ್ತೇ ತಡವಾಗುತ್ತದೆ, ಅದು ದೇಹದ ಸಹಜ ಬದಲಾವಣೆ. ರಾತ್ರಿ ಒಂದಕ್ಕೆ ಮಲಗಿ ಬೆಳಿಗ್ಗೆ ಐದೂವರೆಯ ಟ್ಯೂಷನ್ನಿಗೆ ಹೋಗುವ ಮಗುವಿಗೆ ಯಾವುದರಲ್ಲಿ ಆಸಕ್ತಿ ಹುಟ್ಟೀತು? "ಬೇಗ ಮಲಗು" ಅಂತ ಗದರಿದರೆ ನಿದ್ದೆ ಬರುವುದಿಲ್ಲ. ಹಿಡಿತಕ್ಕೆ ಸಿಗುವುದು ಏಳುವ ಸಮಯ. ಅದನ್ನು ಗಟ್ಟಿ ಮಾಡಿ, ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬೇಡ. ಎದ್ದ ಕೂಡಲೇ ಅಂಗಳದ ಬೆಳಕಿಗೆ ಬರಲಿ. ಸಂಜೆ ನಾಲ್ಕರ ನಂತರ ಕಾಫಿ, ಟೀ ಬೇಡ. ಮಲಗುವ ಹೊತ್ತನ್ನು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಬೇಗ ಮಾಡುತ್ತಾ ಬನ್ನಿ. ಇನ್ನು ಫೋನು. ಕಿತ್ತುಕೊಂಡರೆ ಕದ್ದು ನೋಡುತ್ತಾನೆ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನೂ ನಡುಮನೆಯಲ್ಲಿ ಚಾರ್ಜಿಗೆ ಬೀಳಲಿ. ಎಲ್ಲ ಅಂದರೆ ಅಪ್ಪನದೂ ಸೇರಿ. ಸಾಮಾನ್ಯವಾಗಿ ಈ ನಿಯಮ ಮುರಿಯುವುದು ಅಲ್ಲಿಯೇ.

ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಅನ್ನುವ ದೂರು ಇದ್ದರೆ, ಹೆಣ್ಣುಮಕ್ಕಳಲ್ಲಂತೂ, ಹಿಮೋಗ್ಲೋಬಿನ್ ನೋಡಿಸಿ. ಹುಡುಗಿಯರಿಗೆ 12 ಗ್ರಾಂಗಿಂತ, 15 ದಾಟಿದ ಹುಡುಗರಿಗೆ 13 ಗ್ರಾಂಗಿಂತ ಕಡಿಮೆ ಬಂದರೆ ರಕ್ತಹೀನತೆ. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಇದಕ್ಕೇ. ಹೊಟ್ಟೆ ತೊಳಸುತ್ತದೆ ಅಂತ ಎಸೆಯುವ ಮಕ್ಕಳಿದ್ದಾರೆ. ಊಟವಾದ ಮೇಲೆ ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ತೊಳಸು ಕಡಿಮೆ, ಕಬ್ಬಿಣ ಮೈಗೆ ಹತ್ತುವುದೂ ಹೆಚ್ಚು. ಟೀ ಜೊತೆ ನುಂಗಿದರೆ ಹೆಚ್ಚಿನ ಪಾಲು ವ್ಯರ್ಥ. ಈ ಮಾತ್ರೆಯಿಂದ ಮಲ ಕಪ್ಪಗಾದರೆ ಗಾಬರಿ ಬೇಡ.

ಮಾತಿನ ವಿಷಯ. "ಇಷ್ಟು ದುಡ್ಡು ಸುರಿದಿದ್ದೀವಿ", "ಪಕ್ಕದ ಮನೆಯವಳನ್ನ ನೋಡು". ಈ ಎರಡು ಮಾತನ್ನು ಒಂದು ತಿಂಗಳು ನಿಲ್ಲಿಸಿ. ಊಟದ ತಟ್ಟೆಯ ಮುಂದೆ ಅಂಕದ ಸುದ್ದಿ ಎತ್ತಬೇಡಿ. ಕೇಳುವುದಿದ್ದರೆ ಪಕ್ಕದಲ್ಲಿ ನಡೆಯುತ್ತಲೋ, ಬೈಕಿನಲ್ಲಿ ಹೋಗುತ್ತಲೋ ಕೇಳಿ. ಮುಖ ಎದುರಿಗಿಲ್ಲದಿದ್ದರೆ ಈ ವಯಸ್ಸಿನವರಿಗೆ ಬಾಯಿ ಬರುತ್ತದೆ. ವಿಜ್ಞಾನವೇ ಬೇಡ ಅಂದರೆ ಕೂಡಲೇ "ಆಗಲ್ಲ" ಅನ್ನದೆ ಪ್ರಾಂಶುಪಾಲರನ್ನು ಕಂಡು, ಬೇರೆ ವಿಭಾಗಕ್ಕೆ ಹೋಗಲು ಅವಕಾಶ ಇದೆಯಾ, ಯಾವಾಗಿನ ತನಕ ಅಂತ ವಿಚಾರಿಸಿ. ಎಸ್ಎಸ್ಎಲ್‌ಸಿಗೂ ದ್ವಿತೀಯ ಪಿಯುಸಿಗೂ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅದರಲ್ಲಿ ಹೆಚ್ಚು ಬಂದ ಅಂಕ ಉಳಿಯುತ್ತದೆ. ಇದನ್ನು ಮಗುವಿಗೆ ಬಿಡಿಸಿ ಹೇಳಿ. ಮಾರ್ಚ್ ತಿಂಗಳ ಹೆದರಿಕೆ ಅರ್ಧ ಇಳಿಯುತ್ತದೆ.

ಇಷ್ಟೆಲ್ಲ ಓದಿನ ಮಾತಾಯಿತು. ಓದಿನ ಜೊತೆಗೆ ಕ್ರಿಕೆಟ್ಟೂ ಬೇಡ, ಗೆಳೆಯರೂ ಬೇಡ, ಇಷ್ಟದ ತಿಂಡಿಯೂ ಬೇಡ ಅನ್ನುವ ಸ್ಥಿತಿ ಎರಡು ವಾರ ದಿನವಿಡೀ ಹಾಗೇ ಉಳಿದರೆ ಅದು ಖಿನ್ನತೆ ಇರಬಹುದು. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿ ಕಾಣುವುದಕ್ಕಿಂತ ಸಿಡುಕಾಗಿ ಕಾಣುವುದೂ ಉಂಟು. ಆಗ ನೇರವಾಗಿ ಕೇಳಿ: "ಬದುಕೇ ಬೇಡ ಅನ್ನಿಸುತ್ತಾ ಕಂದ? ಸಾಯೋ ಯೋಚನೆ ಬರುತ್ತಾ?" ಕೇಳಿದರೆ ಆ ಯೋಚನೆ ಹುಟ್ಟೀತು ಅನ್ನುವ ಭಯ ಬೇಡ. ಕೇಳುವುದರಿಂದ ಹುಟ್ಟುವುದಿಲ್ಲ, ಒಳಗೇ ಇಟ್ಟುಕೊಂಡಿದ್ದ ಮಗುವಿಗೆ ಹೇಳಲು ದಾರಿಯಾಗುತ್ತದೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. ಒಬ್ಬಂಟಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಂಖ್ಯೆ 14416. ಪೆನ್ನು ಸಿಕ್ಕಿತೇ? ಒಂದು, ನಾಲ್ಕು, ನಾಲ್ಕು, ಒಂದು, ಆರು. ಹೊಲಕ್ಕೆ ಹೊಡೆಯುವ ಔಷಧಿಯ ಬಾಟಲಿ ಮನೆಯ ಸೂರಿನಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಇದ್ದರೆ, ಈ ಕಾರ್ಯಕ್ರಮ ಮುಗಿದ ಕೂಡಲೇ ಎದ್ದು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ನಿಮ್ಮ ಬಳಿಯೇ ಇರಲಿ.

ನಮಸ್ಕಾರ.