ಮುಟ್ಟುಗೋಲಿಗೆ ಗಡುವು ಯಾಕಿಲ್ಲ?

ನಮಸ್ಕಾರ. ಇವತ್ತು ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯ ವಿಷಯ. ಅದು ಚೆನ್ನಾಗಿದೆಯಾ ಅಂತ ಮಾತ್ರ ನನ್ನನ್ನು ಕೇಳಬೇಡಿ. ಪುಸ್ತಕ ಸಿಕ್ಕಿದ್ದರೆ ತಾನೇ ಹೇಳುವುದು!

1995ರಲ್ಲಿ ಬಂದ ಪುಸ್ತಕ. ಕರ್ನಾಟಕ ಸಾಹಿತ್ಯ ಅಕಾಡೆಮಿ ಬಹುಮಾನವನ್ನೂ ಕೊಟ್ಟಿತು. ಆಮೇಲೆ ಶುರುವಾಯಿತು ಗಲಾಟೆ. ಬಸವಣ್ಣನವರ ಅಕ್ಕ ಅಕ್ಕನಾಗಮ್ಮ, ಆಕೆಯ ಮಗ ಚನ್ನಬಸವಣ್ಣನವರ ಬಗ್ಗೆ ಬರೆದದ್ದು ಭಕ್ತರ ಮನಸ್ಸು ನೋಯಿಸಿದೆ ಎಂಬುದು ದೂರು. 1997ರಲ್ಲಿ ರಾಜ್ಯ ಸರ್ಕಾರ ಪ್ರತಿಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಕೋರ್ಟಿಗೆ ಹೋದರು. 2007ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು.

ಭಕ್ತರ ನೋವು ನಾಟಕ ಅಂತ ನಾನು ಹೇಳುವುದಿಲ್ಲ. ಸಿಟ್ಟು ಬಂದರೆ ಬೈಯಿರಿ, ತಪ್ಪಿದ್ದರೆ ಎದುರು ಪುಸ್ತಕ ಬರೆಯಿರಿ. ಆದರೆ ಬಹುಮಾನ ಕೊಟ್ಟವರು ಸರಿಯೋ, ಮುಟ್ಟುಗೋಲು ಹಾಕಿದವರು ಸರಿಯೋ ಅಂತ ಓದುಗನಿಗೆ ಗೊತ್ತಾಗುವುದು ಹೇಗೆ? ಪುಸ್ತಕದ ಜೊತೆ ಸಾಕ್ಷಿಯೂ ಹೋಯಿತಲ್ಲ!

ಇನ್ನೊಂದು ಮಾತು. ಕಲ್ಯಾಣದಲ್ಲಿ ಗಲಭೆಯಾದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿದ ಸೈನ್ಯದ ಜೊತೆ ಕಾದಾಡುತ್ತಾ ಉಳವಿಗೆ ಬಂದರು ಅಂತ ಕೇಳುತ್ತಾ ಬೆಳೆದವರು ನಾವು. ಮುಂದೆ ನಿಂತು ಅವರನ್ನು ಕರೆತಂದವರು ಯಾರು? ಇದೇ ಚನ್ನಬಸವಣ್ಣ. ಅವರ ಹೆಸರಿನಲ್ಲಿ ಪುಸ್ತಕ ಕಿತ್ತುಕೊಳ್ಳುವುದು ನನಗಂತೂ ಒಗ್ಗುವುದಿಲ್ಲ.

ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಕಥೆ ಇನ್ನೂ ವಿಚಿತ್ರ. 1988ರಲ್ಲಿ ಕೇಂದ್ರ ಸರ್ಕಾರದ ಆದೇಶದಿಂದ ಅದರ ಆಮದು ನಿಂತಿತು. ಆ ಆದೇಶವನ್ನು ಪ್ರಶ್ನಿಸಿ ಒಬ್ಬರು ದೆಹಲಿ ಹೈಕೋರ್ಟಿಗೆ ಹೋದರೆ, ಆದೇಶದ ಕಾಗದವೇ ಪತ್ತೆ ಇಲ್ಲ! ಅಂಥದ್ದೊಂದು ಆದೇಶ ಇಲ್ಲವೆಂದೇ ತಿಳಿಯಬೇಕಾಗುತ್ತದೆ ಎಂದಿತು ಕೋರ್ಟ್, 2024ರಲ್ಲಿ. ಅಷ್ಟು ವರ್ಷ ಒಂದು ಕಾಣದ ಕಾಗದಕ್ಕೆ ಇಡೀ ದೇಶ ಹೆದರಿತ್ತು, ಅಲ್ವಾ?

ಈಗ ಕಾನೂನು ನೋಡಿ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 98. ಸರ್ಕಾರ ಕಾರಣ ಬರೆದು ಒಂದು ಅಧಿಸೂಚನೆ ಹೊರಡಿಸಿದರೆ ಸಾಕು, ಎಲ್ಲ ಪ್ರತಿಗಳೂ ಅದರದ್ದೇ. 2025ರ ಆಗಸ್ಟಿನಲ್ಲಿ ಜಮ್ಮು-ಕಾಶ್ಮೀರದಲ್ಲಿ 25 ಪುಸ್ತಕ ಹೋದದ್ದು ಹೀಗೆಯೇ. ಅದನ್ನು ಪ್ರಶ್ನಿಸಬೇಕಾದರೆ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬೇಕು. ನಮಗೆ ಗಡುವು ಉಂಟು, ಆದೇಶಕ್ಕೆ ಇಲ್ಲ.

ನನ್ನ ಬೇಡಿಕೆ ಜಾಸ್ತಿ ಏನಿಲ್ಲ. ಐದು ವರ್ಷಕ್ಕೊಮ್ಮೆ ಸರ್ಕಾರ ಆ ಪುಸ್ತಕವನ್ನು ಮತ್ತೆ ಓದಲಿ. ಆಗಲೂ ಬೇಡ ಅನ್ನಿಸಿದರೆ ಹೊಸದಾಗಿ ಕಾರಣ ಬರೆದು, ಹೊಸ ಆದೇಶ ಹೊರಡಿಸಲಿ. ಹೊರಡಿಸದಿದ್ದರೆ ಹಳೆಯದು ತಾನಾಗಿಯೇ ಬಿದ್ದುಹೋಗಲಿ.